ಪೂವಮ್ಮನ ಹಿರಿಯ ಸವತಿ

ಎಲ್ಲಿಂದ ಶುರು ಮಾಡಲಿ? ಹುಲಿಯಿಂದ ಶುರು ಮಾಡಿದರೆ ನೀವು ಬೇಟೆಯ ಕಥೆ ಎಂದುಕೊಂಡು ಕೋವಿಯ ಸದ್ದಿಗೆ ಕಾದು ಕೂರುತ್ತೀರಿ. ಮಗುವಿನಿಂದ ಶುರು ಮಾಡಿದರೆ ಮುದ್ದು ಅತಿಯಾಗಿ ಅಜೀರ್ಣವಾಗುತ್ತದೆ. ಸಾವಿನಿಂದ ಶುರು ಮಾಡೋಣವೆಂದರೆ ಮೊದಲ ಪ್ಯಾರಾದಲ್ಲೇ ಪುಟ ಮಗುಚುವ ಜಾತಿಯ ಓದುಗರು ನೀವು. ನನಗೆ ಗೊತ್ತು, ನಾನೂ ಅದೇ ಜಾತಿ. ಆದ್ದರಿಂದ ಬಸ್ಸಿನಿಂದ ಶುರು ಮಾಡುತ್ತೇನೆ. ಬಸ್ಸು ಹತ್ತಿದವರು ಎಲ್ಲಾದರೂ ಒಂದು ಕಡೆ ಇಳಿಯಲೇಬೇಕು. ಕಥೆ ಬರೆಯುವವರಿಗೆ ಅಷ್ಟು ಖಾತ್ರಿ ಸಿಗುವುದೇ ಅಪರೂಪ.

೧

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷವಾಗಿತ್ತು. ೧೯೬೨ರ ಜನವರಿಯ ಒಂದು ಭಾನುವಾರ ಮಡಿಕೇರಿಯಿಂದ ಸುಂಟಿಕೊಪ್ಪಕ್ಕೆ ಹೊರಟ ಬಸ್ಸಿನಲ್ಲಿ ಒಂದೇ ಮನೆಯ ಮೂರೂವರೆ ಜನ ಕೂತಿದ್ದರು. ನಲವತ್ತೆಂಟರ ಪೂವಮ್ಮ, ಅವಳ ಮಗ ಉತ್ತಯ್ಯ, ಸೊಸೆ ಯಮುನ. ಉಳಿದ ಅರ್ಧ, ಎರಡೂವರೆ ವರ್ಷದ ಮೊಮ್ಮಗಳು ಚಿನ್ನಿ. ಚಿನ್ನಿ ಕೂತಿದ್ದಳು ಎನ್ನುವುದು ಸುಳ್ಳು. ಅಜ್ಜಿಯ ತೊಡೆಯ ಮೇಲೆ ನಿಂತು ಮುಂದಿನ ಸೀಟಿನವರ ಜುಟ್ಟು ಜಗ್ಗುತ್ತಿದ್ದಳು.

ಪೂವಮ್ಮನ ಮಡಿಲಲ್ಲಿ ಮೊಮ್ಮಗಳ ಜೊತೆ ಒಂದು ಗಂಟೂ ಇತ್ತು. ಅದರಲ್ಲಿ ವೀಳ್ಯದೆಲೆ, ಅಡಿಕೆ, ಗಂಡ ಬೆಳ್ಯಪ್ಪ ನೆಟ್ಟ ಮರದ ನಾಲ್ಕು ಕಿತ್ತಳೆ. ಗಂಟು ಯಾರಿಗೆಂದು ಮಗ ಕೇಳಿದ. ಅವಳು ಕಿಟಕಿಯ ಹೊರಗೆ ನೋಡಿದಳು.

(ಮುಚ್ಚುಮರೆ ಯಾಕೆ, ಆ ಚಿನ್ನಿ ನಾನೇ. ಆದರೆ ಕಂಡವರ ಜುಟ್ಟು ಜಗ್ಗುವವಳನ್ನು ‘ನಾನು’ ಎನ್ನಲು ನಾಲಿಗೆ ಹೊರಳುವುದಿಲ್ಲ. ಅವಳು ಅವಳಾಗಿಯೇ ಇರಲಿ. ಅವತ್ತಿನ ವಿಷಯ ನನಗೆ ಗೊತ್ತಾದದ್ದು ಅಮ್ಮನಿಂದ, ಮತ್ತು ಅಮ್ಮ ಒಂದೊಂದು ಸಲ ಒಂದೊಂದು ಥರ ಹೇಳುತ್ತಾರೆ. ಅಪ್ಪನನ್ನು ಕೇಳಿದರೆ ಬರುವಾಗ ಬಸ್ಸು ಕೆಟ್ಟಿತ್ತು ಎಂದಷ್ಟೇ ನೆನಪು.)

೨

ಮೊದಲ ಡ್ರಾಫ್ಟಿನಲ್ಲಿ ಈ ಪ್ರಯಾಣ ಉತ್ತಯ್ಯನ ಐಡಿಯಾ ಎಂದು ಬರೆದಿದ್ದೆ. ಸುಂಟಿಕೊಪ್ಪದ ಆಚೆ ಒಂದು ಎಸ್ಟೇಟಿನ ಬಿಳಿಯ ದೊರೆ ತನ್ನ ಊರಿಗೆ ಹೋಗುವಾಗ ಬಂಗಲೆ ಬಿಟ್ಟ, ಬಂಗಲೆಯೊಳಗೆ ತಾನು ಕೂಡಿಹಾಕಿದ್ದ ಸತ್ತ ಪ್ರಾಣಿಗಳನ್ನೂ ಬಿಟ್ಟ. ಎಸ್ಟೇಟು ಕೊಂಡ ಹೊಸ ಸಾಹುಕಾರರಿಗೆ ಅವನ್ನು ಎಸೆಯಲು ಮನಸ್ಸಿಲ್ಲ, ಅವುಗಳ ಜೊತೆ ಒಂದೇ ಸೂರಿನಡಿ ಮಲಗಲು ಧೈರ್ಯವಿಲ್ಲ. ಎಲ್ಲವನ್ನೂ ಪಕ್ಕದ ಹಾಲಿಗೆ ಸಾಗಿಸಿ ‘ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಭಾನುವಾರ ಮಾತ್ರ’ ಎಂದು ಬೋರ್ಡು ಹಾಕಿಸಿದರು. ಮಗುವಿಗೆ ತೋರಿಸೋಣ ಎಂದು ಉತ್ತಯ್ಯ ಹೊರಡಿಸಿದ. ಹೀಗೆ ಬರೆದು ಮುಗಿಸುವಷ್ಟರಲ್ಲಿ ಪೂವಮ್ಮ ನನ್ನ ಕುರ್ಚಿಯ ಹಿಂದೆ ಬಂದು ನಿಂತಿದ್ದಳು.

“ಉತ್ತಯ್ಯಂಗೆ ಅಷ್ಟ್ ಬುದ್ಧಿ ಎಲ್ಲಿಂದ ಬಂತ್? ಹೋಗೊಕುತ ಹೇಳ್ದ್ ನಾನ್,” ಅಂದಳು.

ಸರಿ, ತಿದ್ದಿದ್ದೇನೆ. ಹೋಗಬೇಕೆಂದದ್ದು ಪೂವಮ್ಮನೇ. ಯಾಕೆಂದರೆ ಆ ಹಾಲಿನಲ್ಲಿ ಅವಳ ಹಿರಿಯ ಸವತಿ ಇದ್ದಳು.

೩

(ಇಲ್ಲಿ ಅಜ್ಜಿಯ ಮೊದಲ ರಾತ್ರಿಯ ವಿಷಯ ಇತ್ತು. ಅಜ್ಜಿ ತೆಗೆಸಿದಳು. ನಂಬರು ಮಾತ್ರ ಬಿಟ್ಟಿದ್ದಾಳೆ.)

೪

ಹುಲಿ ಹೊಡೆದವನಿಗೆ ಆ ಹುಲಿಯ ಜೊತೆಯೇ ಮದುವೆ ಮಾಡುವುದು ನಮ್ಮ ಕಡೆ ಹಿಂದೆ ಇದ್ದ ಪದ್ಧತಿ. ಬೆಳ್ಯಪ್ಪ ೧೯೩೧ರಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ, ದನ ಹಿಡಿಯುತ್ತಿದ್ದ ಒಂದು ಹುಲಿಯನ್ನು ಹೊಡೆದ. ಊರವರು ಚಪ್ಪರ ಹಾಕಿದರು. ಸತ್ತ ಹುಲಿಯನ್ನು ಬಿದಿರಿಗೆ ಕಟ್ಟಿ, ಪಕ್ಕದಲ್ಲಿ ಬೆಳ್ಯಪ್ಪನನ್ನು ಮದುಮಗನ ವೇಷದಲ್ಲಿ ಕೂರಿಸಿ, ಬಂದವರೆಲ್ಲ ಅಕ್ಕಿ ಹಾಕಿ ಹಾಲು ಕುಡಿಸಿದರು. ಆಮೇಲೆ ಸುಂಟಿಕೊಪ್ಪದ ಆ ದೊರೆ ಹುಲಿಯನ್ನು ಆಸೆಪಟ್ಟು ಕೇಳಿ, ಮೈಸೂರಿಗೆ ಕಳಿಸಿ, ಒಳಗೆ ತುಂಬಿಸಿ ನಿಲ್ಲಿಸಿಕೊಂಡ.

ಅದಾಗಿ ಮೂರು ತಿಂಗಳಿಗೆ ಬೆಳ್ಯಪ್ಪನಿಗೂ ಪೂವಮ್ಮನಿಗೂ ಮದುವೆಯಾಯಿತು. ಚಪ್ಪರ ಅದೇ, ಅಕ್ಕಿ ಹಾಕಿದವರೂ ಅವರೇ. ನೀನು ಎರಡನೆಯವಳು ಎಂದು ನೆಂಟರು ಮೊದಲ ದಿನವೇ ತಮಾಷೆ ಮಾಡಿದರು. ಬೆಳ್ಯಪ್ಪ ಆ ತಮಾಷೆಯನ್ನು ಮೂವತ್ತು ವರ್ಷ ಸಾಕಿ ದೊಡ್ಡದು ಮಾಡಿದ. ಸಾರಿಗೆ ಉಪ್ಪು ಸಾಲದೆ ಹೋದರೆ, ದೊಡ್ಡವಳು ಉಪ್ಪನ್ನೇ ಕೇಳಿದವಳಲ್ಲ ಎನ್ನುವನು. ಹಾಗಾದರೆ ಊಟಕ್ಕೂ ಅಲ್ಲಿಗೇ ಹೋಗಿ ಎಂದು ಪೂವಮ್ಮ ತಟ್ಟೆ ಎತ್ತುವಳು. ಅವಳಿಗೆ ಒಳಗೊಳಗೇ ನಿಜವಾಗಿಯೂ ಹೊಟ್ಟೆಕಿಚ್ಚಿತ್ತು. ಎಷ್ಟೆಂದರೆ ಒಂದು ದಿನವೂ ಹೋಗಿ ಆ ಹುಲಿಯ ಮುಖ ನೋಡಿರಲಿಲ್ಲ.

ಈಗ ಸಾವಿನ ವಿಷಯ. (ಇನ್ನು ಪುಟ ಮಗುಚಬೇಡಿ, ಅರ್ಧ ದಾರಿ ಬಂದಾಗಿದೆ.) ಕಳೆದ ಕಕ್ಕಡದ, ಅಂದರೆ ಆಷಾಢದ, ಮಳೆಯಲ್ಲಿ ಬೆಳ್ಯಪ್ಪ ಐದು ದಿನದ ಜ್ವರಕ್ಕೆ ತೀರಿಕೊಂಡ. ಪೂವಮ್ಮ ಎಲ್ಲ ಕಾರ್ಯವನ್ನೂ ನಿಂತು ಮಾಡಿಸಿದಳು. ಆದರೆ ಅವನು ಸತ್ತ ಎನ್ನುವ ಮಾತು ಅವಳ ಬಾಯಿಂದ ಒಮ್ಮೆಯೂ ಬರಲಿಲ್ಲ. ಗೊತ್ತಿಲ್ಲದವರು ಯಾರಾದರೂ ಬೆಳ್ಯಪ್ಪ ಹೇಗಿದ್ದಾರೆ ಎಂದರೆ “ತೋಟಲಿ ಒಳೊ” ಎನ್ನುತ್ತಿದ್ದಳು. ತೋಟದಲ್ಲಿದ್ದಾರೆ ಎಂದು ಅರ್ಥ. ಮಣ್ಣು ಮಾಡಿದ್ದೂ ತೋಟದ ಮೂಲೆಯಲ್ಲೇ ಆದ್ದರಿಂದ ಮಗ ಅದನ್ನು ಸುಳ್ಳು ಎನ್ನುವಂತಿರಲಿಲ್ಲ. ಅವಳಿಗೆ ಹೆದರಿಕೆ, ಅಷ್ಟೆ. ತಾನು ಹೇಳಿದ ಕೂಡಲೇ ಅದು ಆಗಿಹೋಗುತ್ತದೆ ಎಂಬ ಹೆದರಿಕೆ.

ಸುಂಟಿಕೊಪ್ಪದಲ್ಲಿ ಬಸ್ಸಿಳಿದು ಎಸ್ಟೇಟಿನ ಮಣ್ಣುರಸ್ತೆಯಲ್ಲಿ ನಡೆಯುವಾಗ, ಉತ್ತಯ್ಯ ಮಗುವನ್ನು ಹೆಗಲಿಗೇರಿಸಿ ಮುಂದೆ ಹೋಗಿದ್ದ. ಆಗ ಪೂವಮ್ಮ ಸೊಸೆಗೆ ಮಾತ್ರ ಗುಟ್ಟು ಬಿಟ್ಟುಕೊಟ್ಟಳು.

“ಅವ್ಳಿಗೆ ಇನ್ನೂ ಯಾರೂ ಹೇಳಿತ್ಲೆ, ಯಮುನ. ದೊಡ್ಡವ್ಳ್ ಅಲ್ವಾ? ಮೊದ್ಲ್ ಅವ್ಳಿಗೆ ಹೇಳೊಕು.”

ಯಮುನ ನಗಲಿಲ್ಲ. ನಗಬೇಕೆಂದು ಆಗ ಅನ್ನಿಸಲೇ ಇಲ್ಲ ಎಂದು ಅಮ್ಮ ಈಗಲೂ ಹೇಳುತ್ತಾರೆ. ಈ ಒಂದು ಮಾತು ಮಾತ್ರ ಎಲ್ಲ ಸಲವೂ ಒಂದೇ ಥರ.

೫

ಮ್ಯೂಸಿಯಂ ಬಾಗಿಲಲ್ಲಿ ಖಾಕಿ ಕೋಟಿನ ಕಾವಲುಗಾರ ಮೊಣ್ಣಪ್ಪ ಸ್ಟೂಲಿನ ಮೇಲೆ ಕೂತಿದ್ದ. ಪೂವಮ್ಮನನ್ನು ಕಂಡು ಎದ್ದು ನಿಂತ. ಹುಲಿಮದುವೆಯ ದಿನ ಬೆಳ್ಯಪ್ಪನಿಗೆ ತಾನೂ ಹಾಲು ಕುಡಿಸಿದವನೆಂದು ನೆನಪು ಮಾಡಿಕೊಟ್ಟ.

“ಬೆಳ್ಯಪ್ಪಣ್ಣ ಬರ್ಲಿಲ್ವಾ ಅಕ್ಕ?” ಎಂದು ಕೇಳಿದ.

“ತೋಟಲಿ ಒಳೊ.”

ಉತ್ತಯ್ಯ ತನ್ನ ಚಪ್ಪಲಿ ನೋಡಿಕೊಂಡ. ಏನನ್ನೂ ಮುಟ್ಟಬೇಡಿ, ಮಗುವನ್ನು ಹಗ್ಗದ ಆಚೆ ಬಿಡಬೇಡಿ ಎಂದು ಮೊಣ್ಣಪ್ಪ ಹೇಳಿ ಮುಗಿಸುವ ಮೊದಲೇ ಮಗು ಹಗ್ಗದ ಆಚೆ ಇತ್ತು.

ಹಾಲಿನ ತುಂಬ ನುಸಿಗುಳಿಗೆಯ ವಾಸನೆ. ಗೋಡೆಯಲ್ಲಿ ಕಾಟಿಯ ತಲೆ, ಕಡವೆಯ ಕೊಂಬು. ಗಾಜಿನ ಪೆಟ್ಟಿಗೆಯಲ್ಲಿ ಒಂದು ಮಂಗಟ್ಟೆ ಹಕ್ಕಿ, ಸೂಜಿ ಚುಚ್ಚಿದ ಚಿಟ್ಟೆಗಳು, ಆನೆಯ ಕಾಲಿನಿಂದ ಮಾಡಿದ ಕೂರುವ ಮಣೆ. (ಈ ಪಟ್ಟಿ ಎರಡು ಪುಟ ಇತ್ತು. ಕೆಂಜಳಿಲಿನ ಬಾಲವನ್ನು ಚೆನ್ನಾಗಿ ವರ್ಣಿಸಿದ್ದೆ. ನೀವು ಆಕಳಿಸಿದ್ದು ಕಂಡು ಹೊಡೆದುಹಾಕಿದೆ.) ನಡುವೆ, ಮರದ ಕಟ್ಟೆಯ ಮೇಲೆ, ಬಾಯಿ ತೆರೆದು ನಿಂತಿತ್ತು ಹುಲಿ.

ಪೂವಮ್ಮ ಮೂವತ್ತು ವರ್ಷ ಮನಸ್ಸಿನಲ್ಲಿ ಕಂಡಿದ್ದ ಹುಲಿ ಇದಲ್ಲ. ಆ ಹುಲಿ ಮಿರಮಿರ ಮಿಂಚುತ್ತಿತ್ತು. ಇದರ ಒಂದು ಕಿವಿ ನುಸಿ ತಿಂದು ಸವೆದಿತ್ತು, ನಾಲಿಗೆಗೆ ಬಳಿದ ಕೆಂಪು ಬಣ್ಣ ಎದ್ದಿತ್ತು, ಗಾಜಿನ ಕಣ್ಣುಗಳಲ್ಲಿ ಒಂದು ಸ್ವಲ್ಪ ಓರೆ. ಅವಳಿಗೆ ಪಾಪ ಅನ್ನಿಸಿತು. ಇಷ್ಟು ವರ್ಷ ಇಲ್ಲಿ ನಿಂತೇ ಇದ್ದಾಳಲ್ಲ, ಒಂದು ದಿನ ಬಂದು ವಿಚಾರಿಸಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಕಟ್ಟೆಗೆ ಹೊಡೆದ ಹಲಗೆಯಲ್ಲಿ ಏನು ಬರೆದಿದೆ ಎಂದು ಅತ್ತೆ ಕೇಳಿದಳು. ಯಮುನ ಹೈಸ್ಕೂಲು ಮುಗಿಸಿದವಳು, ಇಂಗ್ಲಿಷು ಓದಬಲ್ಲಳು. ಹುಲಿ, ಒಂಬತ್ತು ಅಡಿ ನಾಲ್ಕು ಇಂಚು, ೧೯೩೧ ಎಂದು ಓದಿ ಹೇಳಿದಳು. ನಡುವೆ ಇದ್ದ ಒಂದು ಶಬ್ದವನ್ನು ಮೆಲ್ಲಗೆ ನುಂಗಿದಳು.

ಸೊಸೆ ನುಂಗಿದ್ದನ್ನು ಮೊಮ್ಮಗಳು ಕಕ್ಕಿದಳು. ಇದರ ಹಿಂದೆ ಒಂದು ಕಾರಣವಿದೆ. ಆ ವಾರವಷ್ಟೇ ಮನೆಯ ನಾಯಿ ಮರಿ ಹಾಕಿತ್ತು. ಉತ್ತಯ್ಯ ಒಂದೊಂದನ್ನೇ ಎತ್ತಿ ಹೊಟ್ಟೆಯಡಿ ನೋಡಿ ಗಂಡು, ಹೆಣ್ಣು ಎಂದು ಬೇರೆ ಮಾಡಿದ್ದ. ಪಕ್ಕದಲ್ಲೇ ಕೂತು ಆ ವಿದ್ಯೆ ಕಲಿತ ಚಿನ್ನಿ ಅಂದಿನಿಂದ ಕರು, ಬೆಕ್ಕು, ನೆಂಟರ ಮಕ್ಕಳು ಯಾರನ್ನೂ ಬಿಟ್ಟಿರಲಿಲ್ಲ. ಈಗ ಅವಳು ಹುಲಿಯ ಹೊಟ್ಟೆಯ ಕೆಳಗೆ ಕೂತು ಮೇಲೆ ನೋಡುತ್ತಿದ್ದಳು. ಆ ಎತ್ತರದಿಂದ ಹುಲಿಯನ್ನು ಯಾರೂ ನೋಡಿರಲಾರರು.

“ಅಜ್ಜಿ, ಇದ್ ಗಂಡ್,” ಅಂದಳು.

೬

ಇಲ್ಲಿ ಕಥೆ ಸಿಕ್ಕಿಹಾಕಿಕೊಂಡಿತು. ಉತ್ತಯ್ಯ ಕೆಮ್ಮಿದ. ಮೊಣ್ಣಪ್ಪನಿಗೆ ಇದ್ದಕ್ಕಿದ್ದಂತೆ ಕಾಟಿಯ ತಲೆಯ ಧೂಳು ಹೊಡೆಯುವ ಕೆಲಸ ನೆನಪಾಯಿತು. ಪೂವಮ್ಮ ಏನು ಮಾಡಿದಳು?

ಒಂದನೇ ಡ್ರಾಫ್ಟು: ಪೂವಮ್ಮ ಗಟ್ಟಿಯಾಗಿ ನಕ್ಕಳು, ಎಲ್ಲರೂ ನಕ್ಕರು, ಬೆಟ್ಟದಷ್ಟು ದುಃಖ ಮಂಜಿನಂತೆ ಕರಗಿತು. (ಥೂ.)

ಎರಡನೇ ಡ್ರಾಫ್ಟು: ಪೂವಮ್ಮ ಎಚ್ಚರ ತಪ್ಪಿ ಬಿದ್ದಳು. ಎಡಿಟರಿಗೆ ಇದು ಇಷ್ಟವಾಗಿತ್ತು. ಕುರ್ಚಿಯ ಹಿಂದಿನಿಂದ ಪೂವಮ್ಮ ಗದರಿದಳು. “ನಾ ಯಾಕೆ ಬೀಳೊಕು? ಮೂವತ್ತ್ ವರ್ಷ ಹೊಟ್ಟೆಕಿಚ್ಚ್ ಪಟ್ಟದ್ ದಂಡ ಆತಲ್ಲಾತ ಸಿಟ್ಟ್ ಬಂದಿತ್. ಅದ್ನ ಬರಿ.”

ಬರೆದೆ. ಸಿಟ್ಟು ಬಂತು. ಮೊದಲು ಗಂಡನ ಮೇಲೆ. ಹುಲಿ ಹೊಡೆದವನಿಗೆ, ಅದರ ಪಕ್ಕ ಹೊತ್ತೇರುವ ತನಕ ಕೂತವನಿಗೆ, ಇದು ಗೊತ್ತಿಲ್ಲದೆ ಇರುತ್ತದೆಯೇ? ಮೂವತ್ತು ವರ್ಷ ಬಾಯಿಬಿಡದೆ ತನ್ನನ್ನು ಆಡಿಸಿದನಲ್ಲ. ಮನೆಗೆ ಹೋಗಿ ಚೆನ್ನಾಗಿ ಕೇಳಬೇಕು ಅಂದುಕೊಂಡಳು. ಅಂದುಕೊಂಡ ಮೇಲೆ ನೆನಪಾಯಿತು, ಮನೆಯಲ್ಲಿ ಕೇಳಲು ಯಾರಿದ್ದಾರೆ?

ಸಿಟ್ಟು ಅಲ್ಲೇ ಇಳಿಯಿತು. ಅವಳು ಹುಲಿಯನ್ನು ನೋಡಿದಳು, ಗಂಟನ್ನು ನೋಡಿಕೊಂಡಳು. ಆಮೇಲೆ ಪಕ್ಕದಲ್ಲಿದ್ದ ಯಮುನಳಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಅಂದಳು.

“ಹಂಗಾರೆ ನಾ ಒಬ್ಳೇ.”

ಆ ಮಾತಿನಲ್ಲಿ ಹಿಗ್ಗೂ ಇತ್ತು ಎಂದು ಅಮ್ಮ ಹೇಳುತ್ತಾರೆ. ಮೂವತ್ತು ವರ್ಷಕ್ಕೆ ಅವಳು ಮೊದಲನೆಯವಳಾದಳು, ಒಬ್ಬಳೇ ಆದಳು. ಮರುಕ್ಷಣ ಮುಖ ಬಾಡಿತು. ಸುದ್ದಿ ಹೇಳಿದರೆ ಅರ್ಧ ಹೊರೆ ಹೊರುವವಳು ಒಬ್ಬಳಿದ್ದಾಳೆ ಎಂದು ನಂಬಿ ಬಂದವಳು ಅವಳು. ಈಗ ಹೊರೆ ಪೂರ್ತಿ ಅವಳದೇ.

೭

ಗಂಟು ಹಿಡಿದು ವಾಪಸು ಹೊರಡಬಹುದಿತ್ತು. ಹೊರಡಲಿಲ್ಲ. ಮಗ ಸೊಸೆಗೆ ಹಕ್ಕಿ ನೋಡಿಕೊಂಡು ಬನ್ನಿ ಎಂದಳು. ಹಗ್ಗ ದಾಟಿದಳು. ಮೊಣ್ಣಪ್ಪ ಕಾಟಿಯ ಕಡೆಗೇ ಮುಖ ಮಾಡಿ ನಿಂತ, ಅಷ್ಟು ಹೊತ್ತು ಧೂಳು ಹೊಡೆಸಿಕೊಂಡ ಕಾಟಿ ಕೊಡಗಿನಲ್ಲೇ ಇರಲಿಕ್ಕಿಲ್ಲ. ಪೂವಮ್ಮ ಕಟ್ಟೆಯ ಮೇಲೆ ವೀಳ್ಯದೆಲೆ ಅಡಿಕೆ ಇಟ್ಟಳು. ಕಿತ್ತಳೆ ಇಡುವಷ್ಟರಲ್ಲಿ ಚಿನ್ನಿ ಒಂದನ್ನು ಕಿತ್ತುಕೊಂಡು, ಸುಲಿದು, ಒಂದೊಂದೇ ತೊಳೆಯನ್ನು ಹುಲಿಯ ಬಾಯಿಗೆ ಇಡತೊಡಗಿದ್ದಳು. ಅಜ್ಜಿ ಬೈಯಲಿಲ್ಲ. ಬಾಗಿ, ಹುಲಿಯ ಸವೆದ ಕಿವಿಯ ಹತ್ತಿರ ಬಾಯಿ ತಂದಳು.

ಏನು ಹೇಳಿದಳು?

ಬೆಳ್ಯಪ್ಪ ಸತ್ತ ಎಂದಿರಬಹುದು. ಈ ವರ್ಷ ಕಿತ್ತಳೆ ಚೆನ್ನಾಗಿ ಬಂದಿದೆ ಎಂದಿರಬಹುದು. ನೀನಾದರೂ ಅವತ್ತೇ ಹೇಳಬಾರದಿತ್ತಾ ಎಂದು ಬೈದಿರಲೂಬಹುದು. ಇದಕ್ಕೆ ಒಬ್ಬಳೇ ಸಾಕ್ಷಿ, ಆ ಸಾಕ್ಷಿ ಚಿನ್ನಿ, ಮತ್ತು ಚಿನ್ನಿ ನಾನು. ನನಗೆ ನೆನಪಿರುವುದು ನುಸಿಗುಳಿಗೆಯ ವಾಸನೆ ಮತ್ತು ಕಾಫಿ ಚೀಲದ ಬಾಯಿ ಹೊಲಿದ ಹಾಗೆ ಹೊಲಿದಿದ್ದ ಒಂದು ಹೊಟ್ಟೆ. ಅದೂ ನಿಜವಾದ ನೆನಪೋ, ಅಮ್ಮ ಹೇಳಿ ಹೇಳಿ ಕೂಡಿಸಿದ್ದೋ ಗೊತ್ತಿಲ್ಲ. ಅಜ್ಜಿಯನ್ನೇ ಕೇಳಿದೆ. ಅದು ನಿನಗೆ ಹೇಳಿದ್ದಲ್ಲ ಎಂದಳು.

೮

ಹೊರಗೆ ಬಂದಾಗ ಚಿನ್ನಿ ಜೋರಾಗಿ ಅಳುತ್ತಿದ್ದಳು, ಹುಲಿ ಕಿತ್ತಳೆ ನುಂಗಲಿಲ್ಲವೆಂದು. ಮೊಣ್ಣಪ್ಪ ಗೇಟಿನ ತನಕ ಬಂದ. ಮುಂದಿನ ಸಲ ಬೆಳ್ಯಪ್ಪಣ್ಣನನ್ನು ಕರೆದುಕೊಂಡೇ ಬರಬೇಕು, ತಾನೇ ಬಾಗಿಲು ತೆಗೆಯುತ್ತೇನೆ ಎಂದ. ಉತ್ತಯ್ಯ ಅವಸರದಲ್ಲಿ ಏನೋ ಹೇಳಹೊರಟ. ಪೂವಮ್ಮ ಮಗನ ಕೈ ಹಿಡಿದು ತಡೆದಳು.

“ಅವು ಇಲ್ಲೆ, ಮೊಣ್ಣಪ್ಪ,” ಅಂದಳು. “ಕಕ್ಕಡಲಿ ತೀರಿಹೋದೊ.”

ಮೊಣ್ಣಪ್ಪ ತಲೆಯ ಟೋಪಿ ತೆಗೆದ. ಪೂವಮ್ಮ ಗೇಟಿನ ಕಲ್ಲಿನ ಮೇಲೆ ಕೂತು, ಆರು ತಿಂಗಳ ಅಳುವನ್ನು ಮೊಮ್ಮಗಳ ಅಳುವಿನ ಜೊತೆ ಸೇರಿಸಿ ಅತ್ತಳು. ಬಸ್ಸು ತಪ್ಪಿತು. (ಅಪ್ಪನ ಪ್ರಕಾರ ಕೆಟ್ಟಿತು.)

೯

ಇಲ್ಲಿಗೆ ಮುಗಿಸಿ, ಇದಕ್ಕಿಂತ ಒಳ್ಳೆಯ ಎಂಡಿಂಗ್ ಸಿಗುವುದಿಲ್ಲ ಎಂದು ಎಡಿಟರು ಫೋನಿನಲ್ಲಿ ಹೇಳಿದರು. ಮುಗಿಸಲು ನನಗೇನು ಕಷ್ಟ? ಒಂದು ಗೆರೆ ಎಳೆದರಾಯಿತು. ಆದರೆ ಒಂಬತ್ತನೇ ನಂಬರು ಬರೆದಾಗಿದೆ, ಕುರ್ಚಿಯ ಹಿಂದೆ ತಿರುಗಿ ನೋಡಿದರೆ ಯಾರೂ ಇಲ್ಲ, ಮತ್ತು ಎಡಿಟರು ಇನ್ನೂ ಲೈನಿನಲ್ಲಿದ್ದಾರೆ. ಕಥೆಯ ಜೊತೆ ಹಾಕಲು ಅಜ್ಜಿಯದೊಂದು ಫೋಟೋ ಬೇಕಂತೆ. ಈಗ ಹೇಗಿದ್ದಾರೆ ನಿಮ್ಮ ಪೂವಮ್ಮಜ್ಜಿ, ಒಂದು ದಿನ ಬಂದು ಮಾತಾಡಿಸಬಹುದಾ ಎಂದು ಕೇಳುತ್ತಿದ್ದಾರೆ.

ಬಾಯಿ ತೆರೆದೆ. ಅಜ್ಜಿ ಅವತ್ತು ಗೇಟಿನಲ್ಲಿ ಹೇಳಿದ್ದು ಎಷ್ಟು ಸಣ್ಣ ಮಾತು, ಈಗಷ್ಟೇ ನನ್ನ ಕೈಯಾರೆ ಬರೆದಿದ್ದೇನೆ. ನೋಡಿಕೊಂಡು ಓದಿದರೂ ಸಾಕಿತ್ತು.

“ತೋಟಲಿ ಒಳೊ,” ಅಂದೆ.