ನೈಸಣ್ಣ ಅಳಿಸಿದ ಚುಕ್ಕೆ

ಜನ ಅವನಿಗೆ ನೈಸಣ್ಣ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅವನ ಫೋಟೋ ಸ್ಟುಡಿಯೋಗೆ ಹೋದವರು ಯಾರೂ ತಮ್ಮ ಮುಖದೊಂದಿಗೆ ಹೊರಗೆ ಬಂದಿಲ್ಲ. ಮೊಡವೆ, ಮಚ್ಚೆ, ಸುಕ್ಕು, ಹೊಲಿಗೆ ಹಾಕಿದ ಗುರುತು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿ, ಬೇಯಿಸಿ ಸುಲಿದ ಮೊಟ್ಟೆಯಂತೆ ಮಾಡಿ ಕೊಡುತ್ತಿದ್ದ. ಒರೆಸಿದ ಮೇಲೆ ಮೂಲ ಫೋಟೋವನ್ನು ಅಲ್ಲೇ ಅಳಿಸಿಬಿಡುವನು. ಹಳೆಯದನ್ನು ಇಟ್ಟುಕೊಳ್ಳುವುದು ಕೆಲಸ ಬಾರದವರ ಅಭ್ಯಾಸವಂತೆ. ಗಿರಾಕಿಗಳಿಗೆ ಮಾದರಿ ತೋರಿಸಲೆಂದು ತೀರಿಹೋದ ತಾಯಿಯ ಫೋಟೋವನ್ನೇ ನೈಸು ಮಾಡಿ ಗೋಡೆಗೆ ಹಾಕಿಕೊಂಡಿದ್ದ. ಆಕೆಯ ಫೋಟೋ ಎಂದು ಉಳಿದಿದ್ದೂ ಅದೊಂದೇ.

ಇಂಥ ಮಹಾನುಭಾವನ ತಂಗಿ ಕಳೆಗಿಡಗಳ ಫೋಟೋ ತೆಗೆಯುವವಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹೊದಿಕೆ ಮಡಚಿ, ಹತ್ತು ನಿಮಿಷದ ದಾರಿಯನ್ನು ಮುಕ್ಕಾಲು ಗಂಟೆ ನಡೆದು ಮನೆ ಸೇರುತ್ತಿದ್ದಳು. ಗೋಡೆಯ ಬುಡ, ಚರಂಡಿಯ ಅಂಚು, ಸೈಕಲ್ ಸ್ಟ್ಯಾಂಡಿನ ಬಿರುಕು, ಎಲ್ಲಿ ಹೂ ಕಂಡರೂ ಕುಕ್ಕರುಗಾಲಲ್ಲಿ ಕೂತು ಗಾಜು ಒಡೆದ ಫೋನು ಹಿಡಿಯುವಳು.

"ದನಾನೂ ಮೂಸಿ ನೋಡಲ್ಲ ಅದನ್ನ," ಎಂದು ನೈಸಣ್ಣ ಮೂಗು ಮುರಿಯುತ್ತಿದ್ದ. "ಹೂವೇ ಬೇಕಿದ್ರೆ ಸ್ಟುಡಿಯೋಗೆ ಬಾ, ಪ್ಲಾಸ್ಟಿಕ್ ಗುಲಾಬಿ ಇದೆ. ಧೂಳು ಒರೆಸ್ಕೊಂಡ್ರೆ ಆಯ್ತು."

ಅವಳು ನಕ್ಕುಬಿಡುವಳು. ಆ ನಗುವನ್ನು ಸೋಲೆಂದು ತಿಳಿಯುವಷ್ಟು ಜಾಣ ಅವನು.

ಪಕ್ಕದ ಬೀದಿಯ ಗ್ರಂಥಾಲಯದವರು ಮನೆಯ ಸುತ್ತಮುತ್ತಲ ಕಾಡುಹೂಗಳ ಪ್ರದರ್ಶನ ಇಟ್ಟರು. ತಂಗಿಯ ಒಂದು ಫೋಟೋ ಆಯ್ಕೆಯಾಯಿತು. ನಲವತ್ತೆಂಟು ವರ್ಷದಲ್ಲಿ ಅವಳ ಹೆಸರು ಒಂದು ಗೋಡೆಯ ಮೇಲೆ ಬರುವುದು ಇದೇ ಮೊದಲು. ಆ ಸಂತೋಷದಲ್ಲಿ ಎರಡು ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೇರೆ ಕಡೆ ಕೊಟ್ಟರೆ ಅಣ್ಣನಿಗೆ ಬೇಜಾರಾದೀತೆಂದು ಅವನ ಹತ್ತಿರವೇ ಬಂದಳು.

"ಇದ್ದ ಹಾಗೇ ದೊಡ್ಡದು ಮಾಡ್ಕೊಡಣ್ಣ."

ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಹೋದ ಮೇಲೆ ಫೋಟೋ ತೆರೆದ. ಲೇಸಿನಂಥ ಬಿಳಿ ಹೂಗೊಂಚಲು, ನಟ್ಟನಡುವೆ ಒಂದು ಕಪ್ಪು ಚುಕ್ಕೆ. ಥೂ, ನೊಣ! ನೊಣ ಕೂತಿದ್ದೂ ಕಾಣದವಳು ಫೋಟೋ ತೆಗೆಯಲು ಹೊರಟಿದ್ದಾಳೆ. ಒಂದೇ ಸಲಕ್ಕೆ ಒರೆಸಿ, ಪ್ರಿಂಟ್ ಹಾಕಿ, ಕಟ್ಟು ಹಾಕಿಸಿ, ದೊಡ್ಡ ಉಪಕಾರ ಮಾಡಿದವನಂತೆ ನೇರವಾಗಿ ಗ್ರಂಥಾಲಯಕ್ಕೇ ಕಳುಹಿಸಿದ.

ಪ್ರದರ್ಶನದ ದಿನ ಫೋಟೋದ ಕೆಳಗೆ ತಂಗಿ ಬರೆದಿದ್ದ ಚೀಟಿ ಇತ್ತು: "ಕಾಡು ಗಜ್ಜರಿ. ನೂರಾರು ಬಿಳಿ ಹೂಗಳ ನಡುವೆ ಒಂದೇ ಒಂದು ಕಪ್ಪುಗೆಂಪು ಹೂ. ದೂರಕ್ಕೆ ನೊಣದಂತೆ ಕಾಣುತ್ತದೆ. ಹತ್ತಿರ ಬಂದು ನೋಡಿ."

ಜನ ಹತ್ತಿರ ಬಂದು ನೋಡಿದರು. ಗಾಜಿಗೆ ಮೂಗು ತಾಗುವಷ್ಟು ಬಗ್ಗಿದರು.

"ನನ್ನ ಕನ್ನಡಕ ಬದಲಾಯಿಸ್ಬೇಕು ಅನ್ಸುತ್ತೆ," ಎಂದರು ಗ್ರಂಥಪಾಲಕಿ. ಹಿಂದೆ ಯಾರೋ ಕಿಸಕ್ಕೆಂದರು.

"ಅಲ್ಲೊಂದು ನೊಣ ಇತ್ತು, ನಾನೇ ತೆಗೆದೆ," ಎಂದ ನೈಸಣ್ಣ, ಎಲ್ಲರಿಗೂ ಕೇಳುವಂತೆ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ತಂಗಿ ತಾನೇ ಕೈಯಾರೆ ಫೋಟೋ ಇಳಿಸಿದಳು.

ಸಂಜೆ ಅದನ್ನು ತಂದು ಸ್ಟುಡಿಯೋದ ಮೇಜಿನ ಮೇಲಿಟ್ಟಳು.

"ಇಷ್ಟಕ್ಕೆಲ್ಲ ಮುಖ ಊದಿಸ್ಕೊಳ್ತಾರಾ? ಇನ್ನೊಂದು ಹಾಕ್ಕೊಡ್ತೀನಿ ಬಿಡು."

"ಬೇಡ. ಎದುರುಗಡೆ ಅಂಗಡೀಲಿ ಹಾಕಿಸ್ಕೊಳ್ತೀನಿ."

ಎದುರಿನ ಫೋಟೋ ಅಂಗಡಿಯೆಂದರೆ ಅವನಿಗೆ ಮೈಯೆಲ್ಲ ಉರಿ. "ಹೋಗು, ಆ ಕಸಕ್ಕೆ ಅವನೇ ಸರಿ!"

"ನನ್ನ ಕಸ ಫೋನಲ್ಲಿ ಹಾಗೇ ಇದೆ ಅಣ್ಣ." ಅವಳು ಗೋಡೆಯತ್ತ ನೋಡಿದಳು. "ಅಮ್ಮನ ಕೆನ್ನೆ ಮೇಲೊಂದು ಮಚ್ಚೆ ಇತ್ತಲ್ಲ. ಯಾವ ಕೆನ್ನೆ, ಹೇಳು ನೋಡೋಣ."

"ಇದೂ ಒಂದು ಪ್ರಶ್ನೆನಾ!" ಎಂದು ನೈಸಣ್ಣ ಫೋಟೋದತ್ತ ತಿರುಗಿದ. ತಾಯಿಯ ಎರಡು ಕೆನ್ನೆಗಳೂ ಒಂದೇ ಸಮನೆ ಹೊಳೆಯುತ್ತಿದ್ದವು. ಅವನ ಕೈ ತನ್ನ ಬಲಗೆನ್ನೆಗೆ ಹೋಯಿತು, ಅಲ್ಲಿಂದ ಎಡಗೆನ್ನೆಗೆ ಬಂತು, ಮತ್ತೆ ಬಲಕ್ಕೆ ಹೋಯಿತು.

ತಂಗಿಗೆ ಉತ್ತರ ಗೊತ್ತಿತ್ತು. ಫೋನು ಹಿಡಿದುಕೊಂಡು ರಸ್ತೆ ದಾಟಿ ಎದುರು ಅಂಗಡಿಗೆ ಹೋದಳು.