ಸಿಪ್ಪೆ ಎದ್ದ ಕೈ

ಅರಿಶಿನ ಕಲಸಿದ ಬಟ್ಟಲನ್ನು ದೊಡ್ಡಮ್ಮ ಮೆಲ್ಲಗೆ ತನ್ನತ್ತ ಎಳೆದುಕೊಂಡಿದ್ದು, ಹಿತ್ತಾಳೆ ನೆಲಕ್ಕೆ ತಾಗಿ ಕಿರ್ರೆಂದಿದ್ದು, ಬೇರೆ ಯಾರಿಗೂ ಕೇಳಿಸಲಿಲ್ಲವೇನೋ, ಶರಣ್ಯಳಿಗೆ ಕೇಳಿಸಿತು — ನೀನು ಬೇಡ ಕಣೇ, ಧೃತಿ ಬಸುರಿ ಹುಡುಗಿ, ಅಂಟಿಗಿಂಟಿದ್ರೆ ಕಷ್ಟ, ದೂರದಿಂದ ಅಕ್ಷತೆ ಹಾಕು, ಸಾಕು — ಎಷ್ಟು ನಯವಾಗಿ ಹೇಳುತ್ತಾಳೆ ಅಮ್ಮನ ಈ ಅಕ್ಕ, ಈ ರಂಗನಾಯಕಿ, ಶಂಕರಪುರಂ ಮನೆಯ ನಡುಮನೆ ತುಂಬ ತಂಗಿಯ ಸೀಮಂತಕ್ಕೆ ಬಂದ ಹೆಂಗಸರು, ಎಲ್ಲರ ಕಣ್ಣೂ ತನ್ನ ಅಂಗೈ ಮೇಲೆ, ಅಂಗೈಯೂ ಹಾಗೇ ಇದೆ, ಸುಣ್ಣ ಎದ್ದ ಗೋಡೆಯ ಹಾಗೆ, ತೋಳಿನ ತುಂಬ ಕೆಂಪು ಗಂಧೆ, ಲೂಪಸ್ಸು, ತನ್ನನ್ನೇ ಪರರೆಂದು ತಿಳಿದು ಕಚ್ಚುವ ಮೈ, ಅದರ ಹಲ್ಲು ಮೊಂಡು ಮಾಡಲು ಕೊಟ್ಟ ಹೊಸ ಮಾತ್ರೆಗೆ ಚರ್ಮವೇ ತಿರುಗಿಬಿತ್ತು, ಜ್ವರ, ಉರಿ, ಹಾಸಿಗೆಯಲ್ಲಿ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಪುಡಿ — ಇದು ಮಾತ್ರೆ ರಿಯಾಕ್ಷನ್ನು, ಇವತ್ತೇ ನಿಲ್ಸಿ, ಇನ್ಯಾವತ್ತೂ ಇದನ್ನ ಮುಟ್ಬೇಡಿ, ಸಿಪ್ಪೆ ಎದ್ದು ವಾಸಿಯಾಗತ್ತೆ, ಯಾರಿಗೂ ಅಂಟಲ್ಲ — ಡಾಕ್ಟರ ಮಾತನ್ನು ಹಾಗೇ ಅಮ್ಮನಿಗೆ ಹೇಳಿದ್ದಳು, ಅಮ್ಮ ಹೂಂ ಎಂದಿದ್ದಳು, ಈಗ ಬಾಯಿ ಬಿಡಬಾರದೇ, ಅಕ್ಕಾ ಅದು ಅಂಟಲ್ಲ ಅಂತ ಒಂದೇ ಮಾತು, ಬಿಡುವುದಿಲ್ಲ, ತಲೆ ಬಗ್ಗಿಸಿ ಬಳೆಗಳ ಬಣ್ಣ ಜೋಡಿಸುತ್ತ ಕೂತಿದ್ದಾಳೆ, ಧೃತಿಯಾದರೂ, ಸ್ವಂತ ತಂಗಿ, ಚಿಕ್ಕಂದಿನಲ್ಲಿ ಅವಳಿಗೆ ಚಿಕನ್‌ಪಾಕ್ಸ್ ಆದಾಗ ಬೇಡವೆಂದರೂ ಪಕ್ಕದಲ್ಲೇ ಮಲಗಿದವಳು ತಾನು, ಆ ಧೃತಿ ಮುಂದೆ ಚಾಚಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಬೇಜಾರ್ ಮಾಡ್ಕೋಬೇಡ ಅಕ್ಕ, ಮಗೂಗೋಸ್ಕರ — ಸರಿ ತಾಯಿ, ಮಗೂಗೋಸ್ಕರ, ನಿನ್ನನ್ನು ಮುಟ್ಟುವುದಿಲ್ಲ, ಶರಣ್ಯ ಏಳುತ್ತಾಳೆ, ಹೊರಟಳು ಎಂದುಕೊಂಡು ಹೆಂಗಸರು ಸೀರೆ ಸರಿಸಿ ದಾರಿ ಬಿಡುತ್ತಾರೆ, ಅವಳು ದೊಡ್ಡಮ್ಮನ ಎದುರು ಕೂತು ಬಟ್ಟಲಿಗೆ ಎರಡೂ ಕೈ ಅದ್ದುತ್ತಾಳೆ, ಬಿರುಕುಗಳಲ್ಲಿ ಚುರುಚುರು, ಹಿರೀ ಮುತ್ತೈದೆ ನೀವು, ಮೊದಲು ನಿಮಗೇ ಅಲ್ವಾ ದೊಡ್ಡಮ್ಮ, ಈ ದನಿ ತನ್ನದೇ, ಎಷ್ಟು ನಯ, ಅವಳಿಂದಲೇ ಕಲಿತ ನಯ, ಆ ದುಂಡು ಕೆನ್ನೆಗಳನ್ನು ಅಂಗೈ ತುಂಬ ಹಿಡಿದು ನಿಧಾನವಾಗಿ ತಿಕ್ಕುತ್ತಾಳೆ, ಅರಿಶಿನ ಹಚ್ಚುವ ಕೈ ತಳ್ಳಿದರೆ ಅಪಶಕುನ, ಅದಕ್ಕೇ ದೊಡ್ಡಮ್ಮ ಉಸಿರು ಬಿಗಿಹಿಡಿದು ಕೂತಿದ್ದಾಳೆ, ಕೈ ತೆಗೆದಾಗ ಹಳದಿ ಕೆನ್ನೆಯ ಮೇಲೆ ಒಂದು ಬಿಳಿ ಸಿಪ್ಪೆ, ಫ್ಯಾನಿನ ಗಾಳಿಗೆ ಅದರ ಅಂಚು ಅಲುಗುತ್ತಿದೆ, ಬೀಳುತ್ತಿಲ್ಲ, ಬಿಳಿ ಸಿಪ್ಪೆ, ಅಲುಗುತ್ತಿದೆ, ಬೀಳುತ್ತಿಲ್ಲ —