ಹೆಣ್ಣುಗುಬ್ಬಿಯ ಕತ್ತು

"ಚಿಕ್ಕಪ್ಪ, ಮಿಷನ್ ನಿಲ್ಸಿ!"

ಅವಳ ಕೂಗು ಗಡಗಡ ಸದ್ದಿನಲ್ಲಿ ಮುಳುಗಿತು. ಹಸಿ ಹಾಳೆಯನ್ನು ಚಿಕ್ಕಪ್ಪನ ಮೂಗಿಗೇ ಹಿಡಿದಳು. ಅಚ್ಚುಮನೆ ಅವರದು, ಹಕ್ಕಿಗಳ ಪುಸ್ತಕವೂ ಅವರದೇ. ಚಿತ್ರಗಳು ಮಾತ್ರ ಅವಳವು. ಆ ಪುಟದಲ್ಲಿ ಮೇಲೆ ಮನೆಗುಬ್ಬಿಯ ಗಂಡು, ಹೆಣ್ಣು. ಕೆಳಗೆ ಮರಗುಬ್ಬಿಯ ಜೋಡಿ. ಹೆಣ್ಣು ಮನೆಗುಬ್ಬಿಯ ಕತ್ತಿಗೆ ಯಾರೋ ಕಪ್ಪು ಬಳಿದಿದ್ದರು.

"ನಾನೇ ಕಣೇ," ಎಂದರು ಚಿಕ್ಕಪ್ಪ, ಉಪಕಾರ ಮಾಡಿದವರ ಗತ್ತಿನಲ್ಲಿ. "ಬಣ್ಣ ಹಾಕೋದು ಮರೆತಿದ್ದೆ ನೀನು. ಕಂಪ್ಯೂಟರಲ್ಲಿ ತುಂಬಿಸ್ದೆ. ಕೆಳಗಿನ ಜೋಡಿ ನೋಡು, ಎರಡಕ್ಕೂ ಒಂದೇ ಬಣ್ಣ. ಮೇಲಿಂದು ಮಾತ್ರ ಅರ್ಧಕ್ಕೇ ಬಿಟ್ಟಿದ್ದೆ."

"ಮರಗುಬ್ಬಿ ಇರೋದೇ ಹಾಗೆ! ಗಂಡಾಗ್ಲಿ ಹೆಣ್ಣಾಗ್ಲಿ ಕಂದು ನೆತ್ತಿ, ಕೆನ್ನೇಲಿ ಕರೀ ಚುಕ್ಕೆ. ಮನೆಗುಬ್ಬೀಲಿ ಗಂಡಿಗೆ ಮಾತ್ರ ಬೂದು ನೆತ್ತಿ, ಕರೀ ಕತ್ತು. ಹೆಣ್ಣಿಗೆ ಮಣ್ಣಿನ ಬಣ್ಣ, ಕಣ್ಣಿನ ಹಿಂದೆ ತಿಳಿ ಹುಬ್ಬು. ಮುಂದಿನ ಪುಟದ ಗುಬ್ಬಿಗೆ ಕತ್ತಿನ ಮೇಲೆ ಹಳದಿ ಬೊಟ್ಟಿದೆ, ಅದನ್ನೂ ಒರೆಸಿಬಿಡಿ!"

"ಹೋಗ್ಲಿ ಬಿಡಮ್ಮ. ಬೋಳುಬೋಳಾಗಿತ್ತು ಪಾಪ, ಈಗ ಲಕ್ಷಣವಾಗಿದೆ."

ಅವಳ ಪಿತ್ತ ನೆತ್ತಿಗೇರಿತು. ಅಜ್ಜಿಯ ಕಥೆಗಳಲ್ಲಿ ಮಾತಾಡುತ್ತಿದ್ದ ಗುಬ್ಬಿಗಳೆಲ್ಲ ಹೆಣ್ಣೇ. ಅವುಗಳ ಬಣ್ಣ ಯಾವುದೆಂದು ಮಾತ್ರ ಅಜ್ಜಿ ಹೇಳಿರಲಿಲ್ಲ. ಅದನ್ನು ಹುಡುಕಿಕೊಂಡು ಬೇಸಿಗೆಯಿಡೀ ಬಸ್ ನಿಲ್ದಾಣದ ತಗಡಿನ ಮಾಡಿನಡಿ ಕೂತಿದ್ದಳು. ಒಣಮಣ್ಣಿನದೋ, ಹಳೇ ಗೋಣಿಯದೋ ಎಂಬಂತಹ ಆ ಬಣ್ಣವನ್ನು ಎಷ್ಟು ಸಲ ಕಲಸಿ ಚೆಲ್ಲಿದ್ದಳೋ.

"ಹೆಣ್ಣು ಅಂದ್ರೆ ಏನಂದ್ಕೊಂಡಿದೀರಿ? ಬಣ್ಣ ಹಾಕೋಕೆ ಮರೆತುಹೋದ ಗಂಡಾ?"

ಮಿಷನ್ ನಡೆಸುವಾತ ಕೆಮ್ಮಿ ನಗು ನುಂಗಿಕೊಂಡ. ಚಿಕ್ಕಪ್ಪನ ಮುಖ ಗಂಟಾಯಿತು.

"ಬಾಯಿ ಬಿಗಿ ಹಿಡಿ. ಮುಖಪುಟ ಇನ್ನೂ ಅಚ್ಚಾಗಿಲ್ಲ, ನೆನಪಿರ್ಲಿ. ಮಿಷನ್ ನಿಂತ್ರೆ ಮುಖಪುಟದಲ್ಲಿ ನಿನ್ನ ಹೆಸರಿರಲ್ಲ."

ಅವಳ ಚಿತ್ರಗಳು ಅಚ್ಚಾಗುತ್ತಿದ್ದ ಮೊದಲ ಪುಸ್ತಕ ಅದು.

"ತೆಗೀರಿ," ಎಂದಳು. "ನನ್ನ ಹೆಸರು ಹೊತ್ಕೊಂಡು ಈ ಸುಳ್ಳು ಊರೆಲ್ಲ ತಿರುಗೋದು ಬೇಡ." ಹೋಗಿ ಕೆಂಪು ಗುಂಡಿ ಒತ್ತಿದಳು. ಅಚ್ಚುಮನೆ ಗಕ್ಕನೆ ಮೌನವಾಯಿತು.

ಮಿಷನಿನವನು ಯಜಮಾನರತ್ತ ನೋಡಿದ. ಅವರು ಗಾಜಿನ ಕೋಣೆಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಂಡರು.

"ಒಂದೊಂದು ಶಾಯಿಗೆ ಒಂದೊಂದು ಪ್ಲೇಟು, ನೀನು ಹಾಕಿದ್ದ ಬಣ್ಣ ಬೇರೆ ಪ್ಲೇಟುಗಳಲ್ಲಿ ಹಾಗೇ ಇದೆ ಕಣಮ್ಮ," ಎಂದು ಅವನು ಕಪ್ಪು ಶಾಯಿಯ ಪ್ಲೇಟನ್ನು ಬಿಚ್ಚಿ ಮುಂದಿಟ್ಟ. ಕಲೆ ತೆಗೆಯುವ ಕಡ್ಡಿ ಕೊಟ್ಟ. "ಈ ಕಪ್ಪನ್ನ ಉಜ್ಜಿದ್ರೆ ಸಾಕು. ಸಿಟ್ಟಲ್ಲಿ ಒತ್ತಬೇಡ, ಕೊಕ್ಕೂ ಹೋಗುತ್ತೆ."

ಮೈಯೆಲ್ಲ ಉರಿಯುತ್ತಿತ್ತು. ಆದರೂ ಉಸಿರು ಬಿಗಿಹಿಡಿದು, ಕೂಸಿನ ಕತ್ತು ಒರೆಸುವಷ್ಟು ಮೆತ್ತಗೆ ಉಜ್ಜಿದಳು.

ಮಿಷನ್ ಮತ್ತೆ ಹೊರಟಿತು. ಗಾಜಿನಾಚೆ ಚಿಕ್ಕಪ್ಪ ಕಂಪ್ಯೂಟರಿನಲ್ಲಿ ಮುಖಪುಟ ತೆರೆದು ಅವಳ ಹೆಸರನ್ನು ಒಂದೊಂದೇ ಅಕ್ಷರ ಅಳಿಸುತ್ತಿದ್ದರು. ಅವಳು ಹೊರಬಿದ್ದ ಹಾಳೆಯನ್ನೆತ್ತಿಕೊಂಡಳು. ಬೆರಳುಗಳೆಲ್ಲ ಕಪ್ಪಾಗಿದ್ದವು. ಅವು ತಾಗದಂತೆ ಹಾಳೆಯನ್ನು ಅಂಗೈಗಳ ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದಳು.